ಕೆಲಸವಿಲ್ಲದವರ ವಿಭಾಗ

ಕೋರ್ಟಿನ ಹಿಂದಿನ ಬೀದಿಯಲ್ಲಿ ಎಲ್ಲರೂ ಅವಳನ್ನು ವಕೀಲರ ತಂಗಿ ಎಂದೇ ಕರೆಯುತ್ತಿದ್ದರು. ಆ ವಕೀಲನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು ಎಂದರೆ, ಅವನ ಅಂಗಿಯ ಕಾಲರು ಯಾವಾಗಲೂ ಬೆಳ್ಳಗಿರುತ್ತಿತ್ತು. ಅದನ್ನು ಉಜ್ಜಿ ಒಗೆಯುತ್ತಿದ್ದವಳೂ ತಂಗಿಯೇ.

ಗಂಡನ ಕೈಯಲ್ಲಿ ಏಟು ತಿಂದು ಸಾಕಾಗಿ ಅವಳು ತವರಿಗೆ ಬಂದಾಗ, ವಿಚ್ಛೇದನದ ಕೇಸನ್ನು ಅಣ್ಣ ಫೀಸಿಲ್ಲದೆ ನಡೆಸಿಕೊಟ್ಟ. ಅಣ್ಣ ಎಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಬಾಯಿತುಂಬ ಹೊಗಳಿದರು. ಆ ಫೀಸನ್ನು ಅವನು ಅಂದಿನಿಂದ ವಸೂಲಿ ಮಾಡುತ್ತಲೇ ಬಂದ. ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಅದರ ಕಸ ಗುಡಿಸುವುದು, ಫೈಲಿಗೆ ದಾರ ಕಟ್ಟುವುದು, ಅರ್ಜಿ, ನೋಟೀಸು, ತಕರಾರು ಟೈಪು ಮಾಡುವುದು ಎಲ್ಲ ಅವಳ ಪಾಲು. ಅವನು ಒಳಗೆ ಗೊರಕೆ ಹೊಡೆಯುತ್ತಿದ್ದರೆ, ಬಂದ ಕಕ್ಷಿದಾರರಿಗೆ "ಸಾಹೇಬ್ರು ನಿಮ್ಮ ಕೇಸೇ ಓದ್ತಿದ್ದಾರೆ, ಕೂತ್ಕೊಳ್ಳಿ" ಎಂದು ಸುಳ್ಳು ಹೇಳುವುದೂ ಅವಳೇ. ಸಂಬಳದ ಮಾತು ಬಂದರೆ ಅತ್ತಿಗೆ ಮೂಗು ಮುರಿಯುತ್ತಿದ್ದಳು: "ಮನೆಮಗಳಿಗೆ ಸಂಬಳ ಕೊಟ್ಟು ಅವಮಾನ ಮಾಡೋದಾ?" ಒಂದೆರಡು ತಿಂಗಳು ಅವಮಾನ ಮಾಡಿ ನೋಡಿದ್ದರೆ ಅವಳೇನೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಲಾ ಓದಬೇಕು. ಬೇರೆಯವರ ವಾದವನ್ನು ಟೈಪು ಮಾಡಿ ಮಾಡಿ ಬೆರಳು ಸವೆದಿತ್ತು, ಒಂದು ದಿನ ತನ್ನ ಬಾಯಿಂದಲೇ ವಾದಿಸಬೇಕು. ಅಣ್ಣ ಪ್ರತಿ ವರ್ಷವೂ ಮುಂದಿನ ವರ್ಷಕ್ಕೆ ತಳ್ಳುತ್ತಿದ್ದ. ಒಂದು ವರ್ಷ, ಪದವಿ ಮುಗಿಸಿದವರಿಗಿರುವ ಮೂರು ವರ್ಷದ ಕೋರ್ಸನ್ನೇ ನಿಲ್ಲಿಸಿದ್ದಾರೆ ಎಂದ. ಮತ್ತೊಂದು ವರ್ಷ, ಫೀಸು ಕೇಳಿದರೆ ಎದೆ ಒಡೆದುಕೊಳ್ಳುತ್ತೀಯ ಎಂದ. ಆಮೇಲೆ, "ಹುಡುಗರ ಮಧ್ಯೆ ನೀನು ಹೋಗಿ ಕೂತ್ರೆ ಯಾರದೋ ಅಮ್ಮ ಬಂದ್ರು ಅಂತಾರೆ" ಎಂದು ನಕ್ಕ. ಊರಿನ ಲಾ ಕಾಲೇಜಿನಲ್ಲಿ ವಾರಕ್ಕೆರಡು ದಿನ ಪಾಠ ಮಾಡುತ್ತಿದ್ದವನು ಅವನು. ನಂಬದೆ ಏನು ಮಾಡುತ್ತಾಳೆ?

ಈ ವರ್ಷ ತಾನೇ ಹೋಗಿ ನೋಡಿದಳು. ಕಿಟಕಿಯ ಹಿಂದಿನ ಗುಮಾಸ್ತೆ ತಲೆ ಎತ್ತದೆ, "ಓದೋಕ್ ಬರುತ್ತಲ್ಲ? ಗೋಡೆ ಮೇಲೆ ಅಂಟ್ಸಿದ್ದೀವಿ" ಎಂದಳು. ಮೂರು ವರ್ಷದ ಕೋರ್ಸು ಗೋಡೆಯ ಮೇಲೆ ಗುಂಡುಕಲ್ಲಿನ ಹಾಗೆ ಕೂತಿತ್ತು. ಅದರಲ್ಲಿ ಎರಡು ವಿಭಾಗ. ಹಗಲಿನದು ಬೆಳಗ್ಗೆಯಿಂದ ಸಂಜೆಯವರೆಗೆ, ಕೆಲಸವಿಲ್ಲದವರಿಗೆ ಮಾತ್ರ, ಫೀಸು ಕಡಿಮೆ. ಸಂಜೆಯದು ಕೆಲಸದಲ್ಲಿರುವವರಿಗೆ ಮಾತ್ರ, ಫೀಸು ದುಪ್ಪಟ್ಟು, ಜೊತೆಗೆ ಕೆಲಸ ಕೊಟ್ಟವರ ಪತ್ರ ಬೇಕು. ಅಣ್ಣ ಇಷ್ಟು ವರ್ಷ ತನ್ನ ಕಿವಿಗೆ ಹೂವಿಟ್ಟಿದ್ದಾನೆ ಎಂದು ಗೊತ್ತಾಗಿ ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಜಗಳ ಬೇಡವೆಂದು ಸಂಜೆ ವಿಭಾಗಕ್ಕೇ ಅರ್ಜಿ ಹಾಕಿದಳು. ಹಗಲು ಅವನ ಚಾಕರಿ ನಡೆದೇ ನಡೆಯುತ್ತದಲ್ಲ. ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿ ಕೂಡಿಟ್ಟ ದುಡ್ಡಿತ್ತು.

ಪತ್ರ ಕೇಳಿದಾಗ ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೀನು ನನ್ನ ಹತ್ರ ಕೆಲಸಕ್ಕಿದ್ದೀಯ ಅಂತ ಬರೆದುಕೊಡ್ಬೇಕಾ? ನಾಳೆ ಅದೇ ಪತ್ರ ಹಿಡ್ಕೊಂಡು ಇಷ್ಟು ವರ್ಷದ ಸಂಬಳ ಕೊಡು ಅಂತ ಕೇಸ್ ಹಾಕ್ತೀಯ."

"ಅಷ್ಟೊಂದು ಭಯ ಇದ್ರೆ ಸಂಬಳನೇ ಕೊಡಬಹುದಿತ್ತು."

"ಬಾಯಿ ಮುಚ್ಚು. ಆ ಜಾಮೀನು ಅರ್ಜಿ ಆಯ್ತಾ?"

ಅರ್ಜಿ ಆಗಿತ್ತು. ಅವಳು ಅದನ್ನು ಅವನ ಮುಂದೆ ಎಸೆದು ಎದ್ದುಹೋದಳು. ಎರಡು ವಾರ ಆ ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡಿದವು.

ಸಂದರ್ಶನದ ದಿನ ಪತ್ರವಿಲ್ಲದೆಯೇ ಹೋದಳು. ಒಳಗೆ ಪ್ರಿನ್ಸಿಪಾಲ್ ಮೇಡಂ, ಪಕ್ಕದಲ್ಲಿ ನಿದ್ದೆಗಣ್ಣಿನ ಒಬ್ಬ ಮೇಷ್ಟ್ರು, ಮೂರನೆಯವನು ಅಣ್ಣ. ಸಂಬಂಧಿಕರ ವಿಷಯ ಬಂದಾಗ ತೀರ್ಮಾನಿಸುವವನು ಎದ್ದು ಹೊರಗೆ ಹೋಗಬೇಕು ಎಂದು ಪ್ರತಿ ವರ್ಷ ಪಾಠ ಮಾಡುವವನು. ಕುರ್ಚಿಗೆ ಗೋಂದು ಹಚ್ಚಿದ ಹಾಗೆ ಕೂತಿದ್ದ.

"ಎಲ್ಲಿ ಕೆಲಸ?" ಎಂದರು ಮೇಡಂ.

"ಇವರ ಆಫೀಸಲ್ಲಿ" ಎಂದು ಅವಳು ಅಣ್ಣನ ಕಡೆ ಕೈ ತೋರಿಸಿದಳು.

ಅಣ್ಣ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ನಕ್ಕ. "ನನ್ನ ತಂಗಿ ಮೇಡಂ. ಪಾಪ, ಗಂಡನ್ನ ಬಿಟ್ಟು ಬಂದವಳು. ಕೆಲಸ ಅಂತೇನಿಲ್ಲ. ನಮ್ಮ ಮನೇಲೇ ಇರ್ತಾಳೆ, ಊಟ ಬಟ್ಟೆ ಎಲ್ಲ ನಾನೇ ನೋಡ್ಕೋತೀನಿ. ಕೊನೇವರೆಗೂ ನೋಡ್ಕೋತೀನಿ, ಅದು ಬೇರೆ ವಿಷಯ. ಬೇಜಾರಾದಾಗ ಒಂದೆರಡು ಹಾಳೆ ಟೈಪ್ ಮಾಡ್ತಾಳೆ."

ಒಂದೆರಡು ಹಾಳೆ! ಅವಳ ಕಣ್ಣಿಗೆ ಕತ್ತಲೆ ಕಟ್ಟಿತು. ಅತ್ತರೆ ಆ ಪಾಪ ಎಂಬ ಮಾತು ನಿಜವಾಗಿಬಿಡುತ್ತದೆ ಎಂದು ಹಲ್ಲು ಕಚ್ಚಿ ಕೂತಳು.

"ಹಾಗಾದ್ರೆ ಸಂಜೆ ವಿಭಾಗ ಸಾಧ್ಯ ಇಲ್ಲಮ್ಮ" ಎಂದು ಮೇಡಂ ಅರ್ಜಿಯನ್ನು ಪಕ್ಕಕ್ಕಿಟ್ಟರು. "ಮುಂದಿನವರನ್ನ ಕಳ್ಸಿ."

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಅಲ್ಲಿ ಅವಳ ಕಾಲು ನಿಂತಿತು, ಯೋಚನೆಯಿಂದಲ್ಲ, ಬರಿಯ ಸಿಟ್ಟಿನಿಂದ.

"ಮೇಡಂ, ಹಗಲಿನ ವಿಭಾಗ ಕೆಲಸ ಇಲ್ಲದವರಿಗೆ ತಾನೆ? ನನಗೆ ಕೆಲಸ ಇಲ್ಲ ಅಂತ ಇವರೇ ಹೇಳಿದ್ರು. ಅದಕ್ಕೇ ಸೇರಿಸ್ಕೊಳ್ಳಿ."

"ಅದು ಹೇಗಾಗುತ್ತೆ?" ಅಣ್ಣ ಕುರ್ಚಿಯಿಂದ ಅರ್ಧ ಎದ್ದ. "ಹಗಲು ಹೊತ್ತು ಆಫೀಸ್ ಯಾರು..."

ನಾಲಿಗೆ ಕಚ್ಚಿಕೊಂಡ. ನಿದ್ದೆಗಣ್ಣಿನ ಮೇಷ್ಟ್ರಿಗೆ ಪೂರ್ತಿ ಎಚ್ಚರವಾಯಿತು.

"ಯಾವ ಆಫೀಸು?" ಮೇಡಂ ಕೇಳಿದರು.

"ಏನಿಲ್ಲ ಮೇಡಂ."

"ಏನಿಲ್ಲ ಅಂದ್ರೆ ಅಡ್ಡಿಯೂ ಇಲ್ಲ." ಮೇಡಂ ಅರ್ಜಿಯನ್ನು ಮತ್ತೆ ಎಳೆದುಕೊಂಡು ಸಂಜೆ ಎಂಬುದನ್ನು ಹೊಡೆದುಹಾಕಿ ಹಗಲು ಎಂದು ಬರೆದು ಸಹಿ ಮಾಡಿದರು. "ಇವತ್ತೇ ಫೀಸು ಕಟ್ಟಿಬಿಡಿ."

ಫೀಸಿನ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಅವಳ ಹಿಂದೆಯೇ ಅಣ್ಣ ಧುಮುಗುಟ್ಟುತ್ತ ಬಂದ. ಬೆಳ್ಳನೆಯ ಕಾಲರಿನ ಮೇಲೆ ಕುತ್ತಿಗೆ ಕೆಂಪಾಗಿತ್ತು.

"ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಳೆದೆಯಲ್ಲೇ. ಕಟ್ಟು, ಫೀಸು ಕಟ್ಟು. ಆದ್ರೆ ಇವತ್ತಿಂದ ನನ್ನ ಮನೆ ಮೆಟ್ಟಿಲು ಹತ್ತಬೇಡ. ಎಲ್ಲಿ ಬಿದ್ದಿರ್ತೀಯೋ ಬಿದ್ದಿರು."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ರಾತ್ರಿ ಎಲ್ಲಿ ಮಲಗುವುದು ಎಂಬ ಭಯ ಅವಳನ್ನು ಹಿಡಿಯಿತು. ಆದರೆ ಅವಳು ಸಾಲು ಬಿಟ್ಟು ಕದಲಲಿಲ್ಲ.

"ಕೊನೇವರೆಗೂ ನೋಡ್ಕೋತೀನಿ ಅಂತ ಈಗ ತಾನೆ ಒಳಗೆ ಹೇಳಿಬಂದ್ಯಲ್ಲ ಅಣ್ಣ. ಇಬ್ಬರು ಕೇಳಿಸ್ಕೊಂಡಿದ್ದಾರೆ. ಇಲ್ಲ ಅಂತೀಯಾ? ಹಾಗಾದ್ರೆ ನಾನು ನಿನ್ನ ಆಫೀಸಲ್ಲಿ ಸಂಬಳ ಇಲ್ದೆ ದುಡೀತಿದ್ದವಳು. ಎರಡ್ರಲ್ಲಿ ಯಾವುದು ನಿಜ ಅಂತ ನೀನೇ ಆರಿಸ್ಕೋ."

ಅವನು ಸಾಲಿನವರ ಕಡೆ ನೋಡಿ ಕಾಲರು ಸಡಿಲಿಸಿಕೊಂಡ. ಕಿಟಕಿಯ ಗುಮಾಸ್ತೆ "ಮುಂದೆ ಬನ್ರೀ" ಎಂದು ಕೂಗಿದಳು, ಅವಳು ಮುಂದೆ ಹೋದಳು.