ಎಕ್ಸ್‌ರೇ ಬರುತ್ತಿರುವಾಗಲೇ ಬೆಳೆದ ಜಾಗ

ಡೊಂಬಿವಲಿಯ ಒಂದು ಎಕ್ಸ್‌ರೇ ಸೆಂಟರಿನ ಸರ್ವರ್‌ನಲ್ಲಿ ಜಾಗ ಮುಗಿಯುತ್ತ ಬಂದಿತ್ತು. ಹೊಸ ಡಿಸ್ಕ್ ಹಾಕಿ, ಹಳೆಯದರ ಜೊತೆ ಸೇರಿಸಿ, ಎರಡನ್ನೂ ಒಂದೇ ಡಿಸ್ಕಿನಂತೆ ಮಾಡುವ ಕೆಲಸ ನನ್ನದು. ಅಲ್ಲಿನ ಟೆಕ್ನಿಷಿಯನ್ ವನಜಕ್ಕ, ಉಡುಪಿ ಕಡೆಯವರು.

"ಬ್ಯಾಕಪ್ ಉಂಟಾ?" ಅಂದರು.

"ಇದೆ ಅಕ್ಕ, ದಿನಾ ಆಗತ್ತೆ."

"ಹಾಗಾದ್ರೆ ಅದರಿಂದ ಹಳೇದೊಂದು ಎಕ್ಸ್‌ರೇ ತೆಗೆದು ತೋರಿಸಿ."

ಸ್ವಲ್ಪ ಅವಮಾನವಾದರೂ ತೆರೆಯಹೋದೆ. ತೆರೆಯಲಿಲ್ಲ. ಇನ್ನೊಂದೂ ಇಲ್ಲ, ಮತ್ತೊಂದೂ ಇಲ್ಲ. ಹೊಸದಾಗಿ ಎಲ್ಲ ಕಾಪಿ ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದರಲ್ಲಿ ಹತ್ತು ಎಕ್ಸ್‌ರೇ ತೆರೆಸಿ ನೋಡಿದ ಮೇಲೆಯೇ ವನಜಕ್ಕ "ಈಗ ಮಾಡಿ" ಅಂದರು. "ಪೇಷಂಟ್‌ಗಳನ್ನು ನಿಲ್ಲಿಸ್ಬೇಕಾ?"

"ಬೇಡ ಅಕ್ಕ, ನಡೀತಾ ಇರ್ಲಿ."

ಒಬ್ಬ ಅಜ್ಜನ ಮೊಣಕಾಲಿನ ಚಿತ್ರ ಸರ್ವರಿಗೆ ಬರುತ್ತಿತ್ತು. ಅದು ಬರುತ್ತಿರುವಾಗಲೇ ಎರಡು ಡಿಸ್ಕನ್ನೂ ಒಂದಾಗಿಸುವ ಕೊನೆಯ ಕಮಾಂಡ್ ಕೊಟ್ಟೆ. ಅದನ್ನು ಇಡುವ ಜಾಗ ದುಪ್ಪಟ್ಟಾಯಿತು; ಚಿತ್ರದ ಒಂದು ಗೆರೆಯೂ ಕದಲಲಿಲ್ಲ. ಎಷ್ಟೋ ಸಲ ಮಾಡಿದ ಕೆಲಸ, ಆದರೆ ಅದರೊಳಗೆ ಯಾರದೋ ಮೂಳೆ ಇರುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಮೈ ಜುಮ್ಮೆಂದಿತು.

"ನೋಡಿದ್ರಾ ಅಕ್ಕ!" ಅಂತ ತಿರುಗಿದೆ.

ವನಜಕ್ಕ ಆಗಲೇ ಬಾಗಿಲಲ್ಲಿ ನಿಂತು, ಮುಂದಿನವರನ್ನು ಮರಾಠಿಯಲ್ಲಿ ಕರೆಯುತ್ತಿದ್ದರು. ಬೆರಗಾಗಲು ಅಲ್ಲಿ ಪುರುಸೊತ್ತಿದ್ದದ್ದು ನನಗೊಬ್ಬನಿಗೇ.