ಸ್ವಪ್ನ ಟೀಚರು ಆರಿಸಿಕೊಂಡ ಸೈಕಲ್ಲು

ಕೊಂಡ್ಲಹಳ್ಳಿಯ ಕುರಿ ಸಾಕುವ ಮನೆಯ ಮಗಳು ಸ್ವಪ್ನ. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸಿದವಳು ಅವ್ವ ಮೂಗಮ್ಮನೇ. ಓಟವನ್ನು ಯಾರೂ ಕಲಿಸಲಿಲ್ಲ. ಮಂದೆಯಿಂದ ತಪ್ಪಿಸಿಕೊಂಡ ಮರಿಗಳ ಹಿಂದೆ ಓಡೋಡಿ ಅದು ತಾನಾಗೇ ಬಂದಿತ್ತು.

೨೦೦೫ರ ದಸರಾ ರಜೆ ಮುಗಿದ ಮೇಲೆ ಶಾಲೆಗೊಂದು ಸುತ್ತೋಲೆ ಬಂತು. ಮಾರಿಕಣಿವೆ ಜಲಾಶಯದಲ್ಲಿ ಕ್ರೀಡಾಸಂಘವೊಂದು ಟ್ರಯಥ್ಲಾನ್ ಇಟ್ಟುಕೊಂಡಿತ್ತು. ಮುಕ್ಕಾಲು ಕಿಲೋಮೀಟರು ಈಜು, ದಡಕ್ಕೆ ಬಂದವರೇ ಇಪ್ಪತ್ತು ಕಿಲೋಮೀಟರು ಸೈಕಲ್ಲು, ಸೈಕಲ್ಲಿಂದ ಇಳಿದವರೇ ಐದು ಕಿಲೋಮೀಟರು ಓಟ. ಸ್ಟಾಫ್‌ರೂಮಿನಲ್ಲಿ ಆ ಹೆಸರನ್ನು ಸರಿಯಾಗಿ ಹೇಳಲು ಯಾರಿಗೂ ಆಗಲಿಲ್ಲ. ಸ್ವಪ್ನ ಮಾತ್ರ ಆ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಮೂರರಲ್ಲಿ ಎರಡು ತನಗೆ ಚಿಕ್ಕಂದಿನಿಂದ ಬರುವ ಕೆಲಸ. ಉಳಿದ ಒಂದಕ್ಕೆ ಇದ್ದದ್ದು ಮಾತ್ರ ಮುಂದೆ ಬುಟ್ಟಿ ಕಟ್ಟಿದ ಲೇಡೀಸ್ ಸೈಕಲ್ಲು.

ಪಾವಗಡ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಬುಡೇನ್ ಸಾಬರಿಗೆ ವಿಷಯ ಹೇಳಿದಳು. ಅರವತ್ತು ದಾಟಿದ ಸಾಬರು ಹದಿನೈದು ದಿನ ಅಲ್ಲಿ ಇಲ್ಲಿ ವಿಚಾರಿಸಿ, ಬೆಂಗಳೂರಿನಿಂದ ಬಳಸಿದ ರೇಸ್ ಸೈಕಲ್ಲು ಎರಡು ತರಿಸಿದರು. ಒಂದು ಕೆಂಪು. ಹಗುರ, ಅಗಲವಾದ ರಿಮ್ಮಿನ ಚಕ್ರ, ಮೊಣಕೈ ಊರಿ ಬಗ್ಗಲು ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ ಎರಡು ಕೊಂಬು. ಇನ್ನೊಂದು ನೀಲಿ. ಅದಕ್ಕೂ ಗೇರಿತ್ತು, ಕೊಂಬಿತ್ತು. ಆದರೆ ಉಕ್ಕಿನದು, ಚೂರು ಗಿಡ್ಡ, ಅಲ್ಲಲ್ಲಿ ಬಣ್ಣ ಕಿತ್ತುಹೋಗಿತ್ತು.

"ಎರಡಕ್ಕೂ ಹೆಚ್ಚುಕಮ್ಮಿ ಒಂದೇ ರೇಟು ಬೇಟಿ," ಅಂದರು ಸಾಬರು. "ಅದಕ್ಕೇ ಕಷ್ಟ. ರೇಟು ಬೇರೆ ಬೇರೆ ಇದ್ದಿದ್ರೆ ನಿನ್ನ ಪರ್ಸೇ ತೀರ್ಮಾನ ಮಾಡ್ತಿತ್ತು."

ಸ್ವಪ್ನಳ ಕಣ್ಣು ಆಗಲೇ ಕೆಂಪಿನ ಮೇಲೆ ಕೂತಿತ್ತು. "ಒಂದೇ ರೇಟಿಗೆ ಹಳೇದ್ಯಾಕೆ ತಗೊಳ್ಳಲಿ ಸಾಬ್ರೇ?"

"ಅಂಗಡೀಲಿ ನಿಂತು ಆರಿಸೋದು ಬ್ಯಾಡ. ಭಾನುವಾರ ಎರಡನ್ನೂ ಓಡಿಸಿ ನೋಡು. ಆಮೇಲೆ ಮಾತಾಡು."

ಭಾನುವಾರ ಬೆಳಗ್ಗೆ ಸಾಬರು ಎರಡೂ ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ವರವು ಕಾವಲು ಎಂಬ ಹುಲ್ಲುಗಾವಲಿನ ರಸ್ತೆಗೆ ಬಂದರು. ಹಿಂದಿನ ದಿನ ಮಗಳ ರೂಮಿಗೆ ಬಂದಿದ್ದ ಮೂಗಮ್ಮನೂ ಜೊತೆಗಿದ್ದಳು. ಸುತ್ತ ಬರೀ ಹುಲ್ಲು, ತಡೆಯಿಲ್ಲದ ಗಾಳಿ. ಸ್ವಪ್ನ ಕೆಂಪು ಸೈಕಲ್ಲು ಹತ್ತಿ ಐದು ಕಿಲೋಮೀಟರು ಹೋಗಿ ತಿರುಗಿ ಬಂದಳು. ಸಾಬರು ಗಡಿಯಾರ ನೋಡಿಕೊಂಡರು. ಇಳಿದವಳೇ, ಪಂದ್ಯದಲ್ಲಿ ಮಾಡಬೇಕಾದ ಹಾಗೆ, ದೂರದ ಜಾಲಿಮರ ಮುಟ್ಟಿ ಓಡಿ ಬಂದಳು. ಸ್ವಲ್ಪ ಸುಧಾರಿಸಿಕೊಂಡು ನೀಲಿಯಲ್ಲೂ ಅದೇ ದಾರಿ, ಅದೇ ಮರ.

"ಸೈಕಲ್ ಮೇಲೆ ಕೆಂಪೇ ಒಂದು ನಿಮಿಷ ಮುಂದೆ ಐತೆ," ಅಂದರು ಸಾಬರು.

ಸ್ವಪ್ನಳ ಮುಖ ಅರಳಿತು. "ನಾನು ಹೇಳಲಿಲ್ವಾ?"

ರಸ್ತೆಯಂಚಿನಲ್ಲಿ ಕೂತು ನೋಡುತ್ತಿದ್ದ ಮೂಗಮ್ಮ ಬಾಯಿಬಿಟ್ಟಳು. "ಕೆಂಪಿಂದ ಇಳಿದಾಗ ನೀನು ಕುಂಟಿದೆ."

"ಎಲ್ಲಿ ಕುಂಟಿದೆ ಅವ್ವಾ? ಸುಮ್ನಿರು."

"ಎಡಗಾಲು ಎಳೀತಿದ್ದೆ. ಮರದ ತನಕ ಹಂಗೇ ಹೋದೆ. ಅದರ ಮೇಲೆ ಕೂತಾಗ ಹೆಗಲು ಕಿವೀಗೆ ಬಂದಿತ್ತು. ಗಾಳಿ ಅಡ್ಡ ಬಂದಾಗೆಲ್ಲ ಬಿಗಿ ಹಿಡೀತಿದ್ದೆ. ಇನ್ನೊಂದ್ರಿಂದ ಇಳಿದಾಗ ನೆಟ್ಟಗೆ ಓಡಿದೆ. ನಲವತ್ತು ವರ್ಷದಿಂದ ಕುರಿ ನಡಿಗೆ ನೋಡ್ತಿದೀನಿ. ನನ್ನ ಮಗಳ ನಡಿಗೆ ಕಾಣಲ್ವಾ ನನಗೆ?"

ಸಾಬರು ಕೆಂಪು ಸೈಕಲ್ಲಿನ ಸೀಟಿನಿಂದ ಹ್ಯಾಂಡಲ್ಲಿನವರೆಗೆ ಗೇಣು ಹಾಕಿದರು. "ಅಮ್ಮ ಹೇಳಿದ್ದು ಸರಿ. ಇದು ಉದ್ದ ಆಳಿಗೆ ಮಾಡಿದ ಫ್ರೇಮು. ಸೀಟು ಇಳಿಸಬಹುದು, ಫ್ರೇಮು ಕುಗ್ಗಿಸಕ್ಕಾಗಲ್ಲ. ಅಗಲ ರಿಮ್ಮನ್ನ ನಮ್ಮ ಗಾಳಿ ನೂಕ್ತೈತೆ, ನೀನು ತಡೆದು ತಡೆದು ಸುಸ್ತಾಗ್ತೀಯ."

ಸ್ವಪ್ನ ಸಿಟ್ಟಿನಿಂದ ಇನ್ನೊಂದು ಸಲ ಕೆಂಪನ್ನೇ ಹತ್ತಿದಳು. ಈ ಸಲ ಇಳಿದು ಓಡುವಾಗ ತನ್ನ ಎಡಗಾಲಿನ ಮೇಲೇ ಗಮನ ಇಟ್ಟಳು. ಸೊಂಟ ಹಿಡಿದುಕೊಂಡಿತ್ತು, ಕಾಲು ಮಾತು ಕೇಳುತ್ತಿರಲಿಲ್ಲ. ಅರ್ಧ ದಾರಿಗೇ ನಿಂತು, ನಗುತ್ತಾ ವಾಪಸ್ಸು ನಡೆದು ಬಂದಳು.

"ನೀಲಿಯೇ ಇರಲಿ ಸಾಬ್ರೇ."

ಮೂರು ತಿಂಗಳು ದಿನಾ ಬೆಳಗ್ಗೆ ಆ ಸೈಕಲ್ಲಿನ ಮೇಲೆ ಕಾವಲಿನ ಗಾಳಿಗೆ ಎದುರಾಗಿ ತುಳಿದಳು. ಫೆಬ್ರವರಿಯಲ್ಲಿ ಮಾರಿಕಣಿವೆಯ ದಡದಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ನಿಂತರು. ನೀರಿನಿಂದ ಎರಡನೆಯವಳಾಗಿ ಎದ್ದ ಸ್ವಪ್ನಳನ್ನು ಸೈಕಲ್ಲಿನಲ್ಲಿ ನಾಲ್ವರು ಹಿಂದೆ ಹಾಕಿದರು. ಅವರ ಸೈಕಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಒಂದು ಕ್ಷಣ ಕೆಂಪು ಸೈಕಲ್ಲು ನೆನಪಾಯಿತು. ಆದರೆ ಸೈಕಲ್ಲು ನಿಲ್ಲಿಸಿ ನೆಲಕ್ಕೆ ಕಾಲಿಟ್ಟಾಗ ಕಾಲು ಅವಳ ಮಾತು ಕೇಳುತ್ತಿತ್ತು. ಮುಂದಿದ್ದವರಲ್ಲಿ ಒಬ್ಬಳು ತೊಡೆ ಹಿಡಿದು ಕೂತಿದ್ದಳು. ಎರಡನೆಯ ಕಿಲೋಮೀಟರಿನಲ್ಲಿ ಇನ್ನೊಬ್ಬಳು, ಕೊನೆಯ ಏರಿನಲ್ಲಿ ಮತ್ತೊಬ್ಬಳು ಹಿಂದುಳಿದರು. ಸ್ವಪ್ನ ಮೂರನೆಯವಳಾಗಿ ಗೆರೆ ದಾಟಿದಳು.

"ಮೊದಲು ಬಂದಿದ್ದರೆ ಚೆನ್ನಾಗಿರ್ತಿತ್ತು," ಅಂದಳು ಉಸಿರು ಸಿಕ್ಕ ಮೇಲೆ.

ಮೂಗಮ್ಮ ಟವೆಲ್ಲು ಕೊಟ್ಟಳು. "ಹಿಂದೆ ಎಂಟು ಜನ ಅವ್ರೆ, ತಿರುಗಿ ನೋಡು."

ಸೋಮವಾರ ಸ್ವಪ್ನ ಸೈಕಲ್ಲಿನಲ್ಲೇ ಶಾಲೆಗೆ ಹೋದಳು. ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರು ಮುರುಗೇಂದ್ರಪ್ಪನವರು ಅವಳು ಗೆದ್ದ ಮೂರನೇ ಸ್ಥಾನದ ಕಪ್ಪು ಎತ್ತಿ ತೋರಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಹೆಡ್‌ಮಾಸ್ಟರು ಸೈಕಲ್ಲಿನ ಸುತ್ತ ಎರಡು ಸಲ ತಿರುಗಿ, ಮೆಲ್ಲಗೆ ಕೇಳಿದರು: "ಸ್ವಪ್ನ ಮೇಡಂ, ನಾನೊಂದು ರೌಂಡು ಹೊಡೀಲಾ?"

ಪ್ಯಾಂಟು ಮಡಚಿಕೊಂಡು, ಮೈದಾನದ ತುಂಬ ಓಲಾಡುತ್ತಾ ಅವರು ಒಂದು ಸುತ್ತು ಬಂದರು. ಆಗ ಬಿದ್ದ ಚಪ್ಪಾಳೆ ಕಪ್ಪಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಎಲ್ಲರಿಗಿಂತ ಹೆಚ್ಚು ತಟ್ಟಿದವಳು ಸ್ವಪ್ನ.