ಗುಳಿಗೆಯ ಕಟ್ಟು

ನಾನು ಶಾಲೆ ಬಿಟ್ಟದ್ದು ೧೯೪೮ರಲ್ಲಿ. ಐದನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು ಅಪ್ಪನ ಬಣ್ಣದ ಹಂಡೆಯ ಕೋಲು ಹಿಡಿದೆ. ಅಂದಿನಿಂದ ರಾಮದುರ್ಗದ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದೇನೆ. ನಾನು ಹಾಕಿದ ಕೆಂಪು, ಸೀರೆ ಹರಿದರೂ ಹೋಗುವುದಿಲ್ಲ. (ಇದು ಜಂಬವಲ್ಲ. ಸರಿ, ಜಂಬವೇ.)

ಹೋದ ತಿಂಗಳು ತಂಗಿಯ ಮಗ ಶ್ರೀಶೈಲ ಬಂದಿದ್ದ. ಡಾಕ್ಟರ್ ಕಲಿಯುವ ಹುಡುಗ. ನಾನು ಹಂಡೆಯ ಮುಂದೆ ನಿಂತಿದ್ದೆ. ಬಣ್ಣದ ನೀರಿಗೆ ಉಪ್ಪು ಸಾಕೋ, ಇನ್ನೂ ಬೇಕೋ ನೋಡಬೇಕು. ನೀವು ಸಾರಿನ ಉಪ್ಪು ಹೇಗೆ ನೋಡುತ್ತೀರಿ? ಹಾಗೆಯೇ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ.

ಹುಡುಗ ಚೀರಿದ.

"ಮಾಂವಾ! ಉಗುಳ್ರಿ! ಮೊದಲ ಉಗುಳ್ರಿ ಅದನ್ನ!"

"ಯಾಕೋ? ಉಪ್ಪ ಸ್ವಲ್ಪ ಕಡಿಮಿ ಐತಿ, ಅಷ್ಟ."

"ಉಪ್ಪಿನ ಮಾತಲ್ರಿ. ಇಂಥಾ ಕೆಲವು ಬಣ್ಣದಾಗಿನ ಕೆಮಿಕಲ್ಲಿಂದ ಕ್ಯಾನ್ಸರ್ ಬರತದ. ಉಚ್ಚಿ ಚೀಲದಾಗ."

ಉಗುಳಿದೆ. ಆದರೆ ಇಷ್ಟು ವರ್ಷ ನುಂಗಿದ್ದನ್ನು ಹೇಗೆ ಉಗುಳುವುದು? ಎಷ್ಟೋ ಸಂಜೆ ನನ್ನ ಮೂತ್ರವೂ ಬಣ್ಣದಲ್ಲೇ ಬಂದಿದೆ. ಅದನ್ನು ಹೇಳಿ ಗೆಳೆಯರನ್ನು ನಗಿಸಿದವನು ನಾನು! ನೂಲಿನ ಲಡಿಗಳ ಗುಡ್ಡೆಯ ಮೇಲೆ ಕುಳಿತುಬಿಟ್ಟೆ.

ನನ್ನ ಮುಖ ನೋಡಿ ಹುಡುಗನಿಗೇ ಅಳುಕಾಯಿತು.

"ಅಂಜಬ್ಯಾಡ್ರಿ ಮಾಂವಾ. ಇಲಿಗಳಿಗೆ ಇಂಥಾ ಕೆಮಿಕಲ್ ಕೊಟ್ಟು ಕ್ಯಾನ್ಸರ್ ಗಂಟು ಬರಿಸಿ ನೋಡತಾರ. ಅದರ ಜೋಡಿ ತಲಿನೋವು, ಮೈಕೈ ನೋವಿನ ಗುಳಿಗಿ ಕೊಟ್ರ ಗಂಟು ಕಡಿಮಿ ಆಗಬಹುದೇನೋ ಅಂತ ವಿಚಾರ ನಡದದ. ಈ ಗುಳಿಗಿ ಬಾವು ಇಳಸತಾವಲ್ರಿ? ಬಾವಿಗೂ ಗಂಟಿಗೂ ಏನೋ ಸಂಬಂಧ ಇರಬಹುದು ಅಂತ. ಖಾತ್ರಿ ಇಲ್ಲ ಮತ್ತ. ಮನಷಾರ ಮಾತಂತೂ ಇನ್ನೂ ದೂರ."

ತಲೆನೋವಿನ ಗುಳಿಗೆ! ಬೀಡಿ, ಬೆಂಕಿಪೆಟ್ಟಿಗೆಯ ಪಕ್ಕದಲ್ಲಿ ಅಂಗಡಿಯವನು ಇಟ್ಟಿರುತ್ತಾನಲ್ಲ, ಅದೇ! ಅದು ಕ್ಯಾನ್ಸರ್‌ಗೆ ಅಡ್ಡ ನಿಲ್ಲಬಹುದೇ? ಒಂದೇ ಮಧ್ಯಾಹ್ನ ಎರಡು ಸಲ ದಂಗಾದೆ.

ಅಲ್ಲೇ ಲಡಿ ಹಿಂಡುತ್ತಿದ್ದ ನನ್ನ ಅಣ್ಣ ಗಂಗಪ್ಪ ಕೆಲಸ ಬಿಟ್ಟು ಎಲ್ಲ ಕೇಳಿದ. (ಅವನು ಕೆಲಸ ಬಿಟ್ಟು ಕೇಳಿದರೆ ಏನೋ ತೀರ್ಮಾನಿಸಿದ್ದಾನೆ ಎಂದೇ ಅರ್ಥ.) ಮರುದಿನ ನೋಡಿದರೆ ಉಪ್ಪಿನ ಗಡಿಗೆಯ ಪಕ್ಕ ಗುಳಿಗೆಯ ಡಬ್ಬಿ.

"ಏನಣ್ಣಾ ಇದು?"

"ಕಟ್ಟು."

ನಮ್ಮ ಕೆಲಸದಲ್ಲಿ ನೂಲು ಎಲ್ಲೆಲ್ಲಿ ಬಿಳಿಯಾಗಿ ಉಳಿಯಬೇಕೋ ಅಲ್ಲೆಲ್ಲ ಮೊದಲೇ ದಾರದಿಂದ ಬಿಗಿದು ಕಟ್ಟುತ್ತೇವೆ. ಆಮೇಲೆ ಹಂಡೆಯಲ್ಲಿ ಎಷ್ಟು ಮುಳುಗಿಸಿದರೂ ಕಟ್ಟಿದ ಜಾಗಕ್ಕೆ ಬಣ್ಣ ಏರುವುದಿಲ್ಲ.

"ಹೊಟ್ಟಿಗೂ ಹಂಗ ತಮ್ಮಾ. ಮೊದಲ ಗುಳಿಗಿ, ಆಮ್ಯಾಲ ಬಣ್ಣ. ನಿಮ್ಮ ಡಾಕ್ಟರಗ ಹೇಳು, ಇಲಿಗಿಂತ ನಾ ಶಾಣ್ಯಾ ಅದೇನಿ ಅಂತ."

"ಉಂಡಾರ ತಗೊಳೋ ಮಾರಾಯಾ."

"ಒಣಾ ಲಡಿ ಮ್ಯಾಲೆ ಕಟ್ಟು ಬಿಗಿ ಕುಂದರತೈತಿ. ಖಾಲಿ ಹೊಟ್ಟೀನ ಚಲೋ."

ರುಚಿ ನೋಡುವುದನ್ನೇ ಬಿಡು ಎಂದೆ. ಅಪ್ಪ ಕಲಿಸಿದ ವಿದ್ಯೆ ಬಿಡಲೇನು ಎಂದು ನನ್ನನ್ನೇ ಬೈದ. ಹಂಡೆಗೊಂದು ಬೆರಳು, ಬೆರಳಿಗೊಂದು ಗುಳಿಗೆ. ನನಗೆ ನಗು. ನಗುವ ವಿಷಯವೇ ಅದು?

ಮೊನ್ನೆ ಸೋಮವಾರ ಅಣ್ಣ ಮೋರಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ವಾಂತಿ ಮಾಡುತ್ತಿದ್ದ. ಕೆಂಪು ಕೆಂಪು.

"ಹಂಡೆ ನೀರ ಕುಡದ್ಯೇನೋ?" ಎಂದು ಗದರಿಸಿದೆ.

ಗದರಿಸಿದ ಮೇಲೆ ಹಂಡೆಯ ಕಡೆ ನೋಡಿದೆ. ಅಂದು ನಾವು ಹಾಕುತ್ತಿದ್ದದ್ದು ಹಸಿರು ಬಣ್ಣ.

ಟಾಂಗಾದಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಹೋದೆ. ಜೀವಮಾನವಿಡೀ ಕೆಂಪು ನೋಡಿದವನು ನಾನು. ಅಂಥ ಕೆಂಪು ನೋಡಿರಲಿಲ್ಲ.

"ಖಾಲಿ ಹೊಟ್ಟೀಲೆ ಗುಳಿಗಿ ನುಂಗಿ ನುಂಗಿ ಹೊಟ್ಟಿಯೊಳಗ ಹುಣ್ಣಾಗೇದ. ಒಂದು ತಾಸು ತಡ ಮಾಡಿದ್ರ ಕೈ ಮೀರತಿತ್ತು. ಯಾವ ಶಾಣ್ಯಾ ಹೇಳಿದ್ರಿ ಇದನ್ನ?" ಎಂದು ಡಾಕ್ಟರ್ ರೇಗಿದರು.

ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಅಣ್ಣ ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದ. ಏನೋ ಕೊನೆಯ ಮಾತು ಎಂದು ಅವನ ಬಾಯಿಗೆ ಕಿವಿ ಹಿಡಿದೆ.

"ಶ್ರೀಶೈಲನ್ನ ಕೇಳು," ಎಂದ ಪಿಸುದನಿಯಲ್ಲಿ. "ಆ ಇಲಿಗಳು ಉಂಡು ತಗೋತಿದ್ವೇನು ಅಂತ."

ಶ್ರೀಶೈಲ ಹೇಳಿದ ಆ ವಿದ್ಯೆ ಸುಳ್ಳೆಂದು ನಾನು ಹೇಳುವುದಿಲ್ಲ. ನಾಳೆ ಅದೇ ಗುಳಿಗೆ, ಬಲ್ಲವರ ಕೈಯಲ್ಲಿ, ಸಾವಿರ ಜನರನ್ನು ಉಳಿಸಬಹುದು. ಆದರೆ ಅವರು "ಆಗಬಹುದೇನೋ" ಎಂದದ್ದು ನಮ್ಮ ಓಣಿಗೆ ಬರುವಷ್ಟರಲ್ಲಿ "ಆಗತೈತಿ" ಆಗಿರುತ್ತದೆ. ಇನ್ನೊಂದು ಮಾತು. ಬಣ್ಣದ ಡಬ್ಬಿಯ ಮೇಲೆ ಲಕ್ಷ್ಮಿಯ ಚಿತ್ರ ಹಾಕುವವರಿಗೆ, ಇದನ್ನು ಬಾಯಿಗೆ ಇಡಬೇಡಿ ಎಂದು ಒಂದು ಸಾಲು ಬರೆಯಲು ಜಾಗ ಸಿಗಲಿಲ್ಲವೇ? ಐದನೆಯ ಇಯತ್ತೆಯವನೂ ಓದುತ್ತಿದ್ದನಲ್ಲ!

ಅಣ್ಣ ನಿನ್ನೆ ಮನೆಗೆ ಬಂದ. ಮೆತ್ತಗಿನ ಗಂಜಿ ಕಂಡು ಬೈಯುತ್ತಿದ್ದಾನೆ.

ಈಗ ನನ್ನಲ್ಲಿ ಇರುವುದು ಇಷ್ಟು: ನಾಲ್ಕು ಹಂಡೆ, ಉಪ್ಪು ತೂಗಲು ಒಂದು ತಕ್ಕಡಿ, ಒಂದು ಜೊತೆ ರಬ್ಬರ್ ಕೈಗವಸು, ಒಬ್ಬ ಅಣ್ಣ.